ಒಂದನೇ ಸಿಲಿಂಡರಿನ ಕಿಡಿ

ಫೆಬ್ರವರಿ 9

ಅಮ್ಮನಿಗೆ,

ಈ ಪತ್ರ ಕಾರಿನ ವಿಷಯಕ್ಕೆ ಮಾತ್ರ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು" ಎಂದು ಮುಗಿಸಿ, ಯಾರು ಮೊದಲು ಇಡಬೇಕು ಎಂದು ಕಾಯುತ್ತೇವೆ. ಅಲ್ಲದೆ ಇದಕ್ಕೆ ಚಿತ್ರಗಳೂ ಬೇಕಾಗಬಹುದು.

ಅಪ್ಪನ ಡ್ರೈವಿಂಗ್ ಸ್ಕೂಲಿನ ಕಾರು, ಕಲಿಯುವವರಿಗೊಂದು ಕಲಿಸುವವರಿಗೊಂದು ಎಂದು ಎರಡು ಬ್ರೇಕ್ ಪೆಡಲಿನದು, ಇನ್ನೂ ಶೆಡ್ಡಿನಲ್ಲೇ ನಿಂತಿದೆ. ಅಪ್ಪ ಹಾಸಿಗೆ ಹಿಡಿದ ಮೇಲೆ, ಅಂದರೆ ಎರಡು ವರ್ಷದಿಂದ, ಯಾರೂ ಅದನ್ನು ಓಡಿಸಿಲ್ಲ. ಈಗ ಮನೆ ಮಾಲೀಕರು ಶೆಡ್ಡು ಕೆಡವುತ್ತಾರಂತೆ. ಜೂನ್ ಕೊನೆಯೊಳಗೆ ಖಾಲಿ ಮಾಡಬೇಕು. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಹಿಂದೆ ಒಂದು ಕಾರು ನಿಲ್ಲುವಷ್ಟು ಜಾಗವಿದೆ. ಯಜಮಾನರನ್ನು ಕೇಳಿದೆ. "ತಂದು ನಿಲ್ಸಪ್ಪ. ಆದ್ರೆ ತಾನಾಗೇ ಓಡ್ಕೊಂಡು ಬರ್ಬೇಕು. ಹೆಣ ಎಳ್ಕೊಂಡು ಬಂದು ನನ್ನ ಅಂಗಳದಲ್ಲಿ ಹಾಕ್ಬೇಡ" ಎಂದರು. ಓಡದಿದ್ದರೆ ಜುಲೈ ಒಂದಕ್ಕೆ ಗುಜರಿಯವರು ಬಂದು ಕತ್ತರಿಸಿಕೊಂಡು ಹೋಗುತ್ತಾರೆ. ಅತ್ತೆ ಆಗಲೇ ಅವರಿಗೆ ಮಾತು ಕೊಟ್ಟಿದ್ದಾರೆ. ಅಪ್ಪ ಹೋದ ಮೇಲೆ ಅತ್ತೆ ನನ್ನ ಜೊತೆಗೇ ಇದ್ದಾರೆ. ತಮ್ಮನಿಲ್ಲದ ಮನೆಯಲ್ಲಿ ತಮ್ಮನ ಕಾರು ನೋಡಲು ಅವರಿಂದ ಆಗುವುದಿಲ್ಲವಂತೆ.

ಹೊಸ ಬ್ಯಾಟರಿ ಹಾಕಿದ್ದೇನೆ. ಹಳೆಯ ಪೆಟ್ರೋಲ್ ಚೆಲ್ಲಿ ಹೊಸದು ತುಂಬಿದ್ದೇನೆ. ಅದು ಕಾರ್ಬುರೇಟರಿನವರೆಗೆ ಬರುತ್ತಿದೆ. ಕೀ ತಿರುಗಿಸಿದರೆ ಎಂಜಿನ್ ಗರಗರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಮೂಲೆಯ ಗ್ಯಾರೇಜಿನವನು ನಿಂತಲ್ಲೇ ಬಗ್ಗಿ ನೋಡಿ, "ಕಿಡೀದು ಪ್ರಾಬ್ಲಮ್ಮು. ಇಂಥ ಅಜ್ಜನ ಕಾಲದ್ದು ನಮಗೆ ಬರಲ್ಲ ಸಾರ್" ಎಂದು ಹೋದ.

ಆ ಎಂಜಿನ್ ಗೊತ್ತಿರುವವರು ನೀವೊಬ್ಬರೇ. ಕಿಡಿ ಎಲ್ಲಿಂದ ಬರುತ್ತದೆ, ಹೇಗೆ ಹೋಗುತ್ತದೆ, ಎಲ್ಲಿ ಕೆಡುತ್ತದೆ, ಬರೆದು ತಿಳಿಸಿ. ಕೆಲಸ ನಾನೇ ಮಾಡುತ್ತೇನೆ. ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ.

ಇಂತಿ,
ಮಗ


ಫೆಬ್ರವರಿ 18

ಮಗನಿಗೆ,

ನಿನ್ನ ಪತ್ರ ಮಂಗಳವಾರ ಬಂತು. ಗೇಟಿನ ಕಾವಲುಗಾರ "ಅಕ್ಕೋ, ನಿಮಗೆ ಕಾಗದ! ಕೈಯಲ್ಲಿ ಬರ್ದಿದ್ದು!" ಎಂದು ಕೂಗಿ ಇಡೀ ವರ್ಕ್‌ಶಾಪಿಗೆ ತಿಳಿಸಿದ. ನನಗೆ ಬರುವುದೆಲ್ಲ ಸಾಧಾರಣವಾಗಿ ಅಚ್ಚಾದ ಕಾಗದ.

ಈ ಕಲ್ಲುಗಣಿಯ ಲಾರಿಗಳೆಲ್ಲ ಡೀಸೆಲ್. ಅವಕ್ಕೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಕಾಯಿಸಿದರೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹದಿನೆಂಟು ವರ್ಷದಿಂದ ನಾನು ದೀಪ, ಹಾರ್ನು, ಸ್ಟಾರ್ಟರ್ ಮಾಡಿಕೊಂಡಿದ್ದೇನೆ. ಕಿಡಿಯ ವಿಷಯ ನನ್ನನ್ನು ಯಾರೂ ಕೇಳಿರಲಿಲ್ಲ.

ಕೇಳು. ಬ್ಯಾಟರಿಯಲ್ಲಿರುವುದು ಹನ್ನೆರಡು ವೋಲ್ಟ್. ಅಷ್ಟರಿಂದ ಕಿಡಿ ಹಾರುವುದಿಲ್ಲ. ಎಂಜಿನ್ ಪಕ್ಕದಲ್ಲಿ ಲೋಟದ ಗಾತ್ರದ ಡಬ್ಬಿಯಿದೆಯಲ್ಲ, ಅದು ಕಾಯಿಲ್. ಒಳಗಿನ ಕಬ್ಬಿಣಕ್ಕೆ ಎರಡು ತಂತಿ ಸುತ್ತಿರುತ್ತಾರೆ: ದಪ್ಪನೆಯದು ಕೆಲವು ನೂರು ಸುತ್ತು, ಕೂದಲಿನಂಥದ್ದು ಸಾವಿರಾರು ಸುತ್ತು. ಬ್ಯಾಟರಿಯ ಕರೆಂಟ್ ದಪ್ಪ ತಂತಿಯಲ್ಲಿ ಹರಿದಾಗ ಕಬ್ಬಿಣ ಅಯಸ್ಕಾಂತವಾಗುತ್ತದೆ. ಆ ಕರೆಂಟನ್ನು ಥಟ್ಟನೆ ಕಡಿದರೆ ಅಯಸ್ಕಾಂತದ ಬಲವೆಲ್ಲ ಒಮ್ಮೆಗೇ ಕುಸಿದು, ತೆಳು ತಂತಿಯಲ್ಲಿ ಇಪ್ಪತ್ತು ಸಾವಿರ ವೋಲ್ಟ್ ಏಳುತ್ತದೆ. ಕಿಡಿ ಹುಟ್ಟುವುದು ಕಡಿದಾಗ. ಹೊಸಬರೆಲ್ಲ ಇಲ್ಲೇ ಎಡವುತ್ತಾರೆ.

ಕಡಿಯುವ ಕೆಲಸ ಪಾಯಿಂಟಿನದು. ಪ್ಲಗ್ಗಿನ ವೈರುಗಳೆಲ್ಲ ಹೊರಡುವ ಡಬ್ಬಿ ಡಿಸ್ಟ್ರಿಬ್ಯೂಟರ್, ಅದರ ಮುಚ್ಚಳ ತೆಗೆದರೆ ಕಾಣುತ್ತದೆ, ಕೂಡುವ ಬಿಡುವ ಎರಡು ಸಣ್ಣ ಲೋಹದ ಚುಕ್ಕೆಗಳು. ಅದರ ಮೇಲೆ ರೋಟರ್ ಎಂಬ ತುಂಡು ತಿರುಗುತ್ತಾ, ಬಂದ ಕಿಡಿಯನ್ನು ಅಂಚೆಯವನ ಹಾಗೆ ನಾಲ್ಕು ಮನೆಗೆ, ಅಂದರೆ ನಾಲ್ಕು ಸಿಲಿಂಡರಿಗೆ, ಹಂಚುತ್ತದೆ. ಮನೆಗಳು ಸಾಲಾಗಿಲ್ಲ: ಒಂದು, ಮೂರು, ನಾಲ್ಕು, ಎರಡು. ಪ್ರತಿ ಮನೆಯ ಬಾಗಿಲಲ್ಲಿ ಒಂದು ಪ್ಲಗ್.

ಮೊದಲು ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗುವಂತೆ ಮಲಗಿಸು. ಪೆಟ್ರೋಲಿನ ವಾಸನೆ ಹತ್ತಿರ ಇರಬಾರದು. ಯಾರಾದರೂ ಕೀ ತಿರುಗಿಸಲಿ. ಕಿಡಿಯ ಬಣ್ಣ ನೋಡಿ ಬರೆ. ವೈರನ್ನು ಬರಿಗೈಯಲ್ಲಿ ಹಿಡಿಯಬೇಡ.

ನಿನ್ನ ಅತ್ತೆಯ ಮಂಡಿನೋವು ಹೇಗಿದೆ? ನಾನು ಕೇಳಿದೆ ಎಂದು ಹೇಳಬೇಡ.

ಅಮ್ಮ


ಮಾರ್ಚ್ 3

ಅಮ್ಮನಿಗೆ,

ವೈರನ್ನು ಬರಿಗೈಯಲ್ಲಿ ಹಿಡಿದೆ. ಮೊಣಕೈವರೆಗೂ ಒದೆಯಿತು. ಹಿಡಿಯಬೇಡ ಎಂದು ಬರೆದಿದ್ದಿರಿ, ಒಪ್ಪಿದೆ.

ಕೀ ತಿರುಗಿಸಲು ಮನೆಯಲ್ಲಿರುವುದು ಅತ್ತೆ ಮಾತ್ರ.

"ನಾನ್ಯಾಕೆ ತಿರುಗಿಸ್ಲಿ? ಅವಳು ಬಿಟ್ಟುಹೋದ ಗಾಡಿ."

"ಅಪ್ಪನ ಗಾಡಿ ಅತ್ತೆ."

"ನಿಮ್ಮಪ್ಪನ್ದೇ. ಅದಕ್ಕೇ ಹೇಳ್ತಿರೋದು, ಹೋದ್ರೂ ಮರ್ಯಾದೆಯಿಂದ ಹೋಗ್ಲಿ ಅಂತ."

ಬೈಯುತ್ತಲೇ ಬಂದು ಕೂತರು. ಕೂತವರು ಸಿಕ್ಕ ಪೆಡಲನ್ನೆಲ್ಲ ಎರಡೂ ಕಾಲಿನಿಂದ ಒತ್ತಿ ಹಿಡಿದರು.

"ಇದು ಓಡ್ಬಿಟ್ರೆ?"

"ಪ್ಲಗ್ ಬಿಚ್ಚಿದೀನಿ ಅತ್ತೆ. ಎಲ್ಲಿಂದ ಓಡುತ್ತೆ?"

"ನಿಮ್ಮಮ್ಮ ಕೈಯಿಟ್ಟಿದ್ದು. ಹೇಳಕ್ಕಾಗಲ್ಲ."

ಕಿಡಿ ಹಳದಿ ಬಣ್ಣದ್ದು, ಸೊರಗಿದ್ದು. ಒಂದು ಸಲ ಬಂದರೆ ಮೂರು ಸಲ ಬರುವುದಿಲ್ಲ. ಶಬ್ದವೂ ಇಲ್ಲ. ಅತ್ತೆ ಒಳಗಿನಿಂದ "ಬಂತೇನೋ?" ಎಂದು ಕೇಳಿದರು. ಬಂದಹಾಗೆ ಮಾಡಿತು ಎಂದೆ.

ಅವರ ಮಂಡಿನೋವು ಹಾಗೇ ಇದೆ. ಹೇಳಲಿಲ್ಲ.

ಇಂತಿ,
ಮಗ


ಮಾರ್ಚ್ 12

ಮಗನಿಗೆ,

ಒಳ್ಳೆಯ ಕಿಡಿ ನೀಲಿಯಾಗಿರುತ್ತದೆ, ಚಟ್ ಎನ್ನುತ್ತದೆ. ಹಳದಿ ಎಂದರೆ ಪಾಯಿಂಟಿನ ಚುಕ್ಕೆಗಳು ಕರಿಗಟ್ಟಿವೆ, ಅಥವಾ ಕಂಡೆನ್ಸರ್ ಸತ್ತಿದೆ. ಕಂಡೆನ್ಸರ್ ಎಂದರೆ ಪಾಯಿಂಟಿಗೆ ಅಂಟಿಕೊಂಡಿರುವ ಕಿರುಬೆರಳ ತುದಿಯಷ್ಟು ಕೊಳವೆ. ಕರೆಂಟ್ ಕಡಿಯುವಾಗ ಅದು ಪಾಯಿಂಟಿನ ಮೇಲೇ ಹಾರಿ ಸುಡದಂತೆ ಈ ಕೊಳವೆ ಒಂದು ಕ್ಷಣ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಅದಿಲ್ಲದಿದ್ದರೆ ಕಡಿತ ಸ್ವಚ್ಛವಾಗುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಕಂಡೆನ್ಸರ್ ಹೊಸದು ಹಾಕು. ಪಾಯಿಂಟನ್ನು ನಯವಾದ ಎಮರಿ ಪೇಪರಿನಿಂದ ಉಜ್ಜು. ಚುಕ್ಕೆಗಳು ಪೂರ್ತಿ ತೆರೆದಾಗ ನಡುವೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಸಂದು ಇರಬೇಕು. ಕನ್ನಡಕದ ಕೆಲಸದವನಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಬಗ್ಗಿ ಮಾಡಲು ಕಷ್ಟವಾದರೆ ಡಿಸ್ಟ್ರಿಬ್ಯೂಟರನ್ನೇ ಎತ್ತಿ ಮೇಜಿಗೆ ತಂದುಕೊ. ಎತ್ತುವ ಮೊದಲು ರೋಟರ್ ಯಾವ ಕಡೆ ಮುಖ ಮಾಡಿದೆ ಎಂದು ಬಿಳಿ ಬಣ್ಣದಲ್ಲಿ ಗುರುತು ಹಾಕು. ಎತ್ತಿದ ಮೇಲೆ ಎಂಜಿನ್ನನ್ನು ಅಲುಗಿಸಬೇಡ.

ಭಾನುವಾರ ಇಲ್ಲಿ ಕಲ್ಲು ಪುಡಿ ಮಾಡುವ ಯಂತ್ರ ನಿಲ್ಲಿಸುತ್ತಾರೆ. ನನ್ನ ಕೋಣೆ ಬ್ಯಾಟರಿ ರೂಮಿನ ಮೇಲಿದೆ. ಕೆಳಗೆ ಚಾರ್ಜಿಗಿಟ್ಟ ಬ್ಯಾಟರಿಗಳ ಗುಳುಗುಳು ಬಿಟ್ಟರೆ ಕಿವಿಗೆ ಕೆಲಸವಿಲ್ಲ. ಆಗ ಬರೆಯುತ್ತೇನೆ.

ಅಪ್ಪ ಕೊನೆಗೆ ತುಂಬ ಕಷ್ಟಪಟ್ಟರಾ?

ಅಮ್ಮ


ಮಾರ್ಚ್ 31

ಅಮ್ಮನಿಗೆ,

ಒಳ್ಳೆಯ ಸುದ್ದಿ ಒಂದು, ಕೆಟ್ಟದ್ದು ಒಂದು.

ಹೊಸ ಕಂಡೆನ್ಸರ್ ಸಿಕ್ಕಿತು. ಡಿಸ್ಟ್ರಿಬ್ಯೂಟರನ್ನು ಅಂಗಡಿಗೆ ತಂದು, ಊಟದ ಹೊತ್ತಿನಲ್ಲಿ, ಫ್ರೇಮಿನ ಸ್ಕ್ರೂ ಹಾಕುವ ದೀಪದ ಕೆಳಗೆ ಪಾಯಿಂಟು ಉಜ್ಜಿದೆ. ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೇಲೆ ಬೆಟ್ಟ, ಕಣಿವೆ ಎಲ್ಲ ಇದ್ದವು. ಈಗ ಬಯಲು. ಸಂದನ್ನು ಮೂರು ಸಲ ಅಳೆದೆ. ಯಜಮಾನರು "ಯಾರ ಕಣ್ಣಪ್ಪಾ ಅದು?" ಎಂದು ಕೇಳಿದರು. ಮನೆಗೆ ತಂದು, ವೈರು ಸೇರಿಸಿ, ಡಿಸ್ಟ್ರಿಬ್ಯೂಟರಿನ ಕಡ್ಡಿಯನ್ನು ಬೆರಳಿನಿಂದಲೇ ತಿರುಗಿಸಿದೆ. ಕಿಡಿ ನೀಲಿ. ಚಟ್ ಎಂದಿತು. ಅತ್ತೆ ಬಾಗಿಲಲ್ಲಿ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

ಕೆಟ್ಟದ್ದು: ಡಿಸ್ಟ್ರಿಬ್ಯೂಟರ್ ಹೊರಗಿದ್ದಾಗ ಎಂಜಿನ್ ತಿರುಗಿಸಿಬಿಟ್ಟೆ. ಅದು ಕೂರುವ ತೂತಿನೊಳಗೆ ಒಂದು ಹಲ್ಲಿನ ಚಕ್ರ ಕಾಣುತ್ತದಲ್ಲ, ಅದು ತಿರುಗುವುದನ್ನು ನೋಡಬೇಕೆನಿಸಿತು. ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ನಾಲ್ಕೈದು ಸುತ್ತು ಹೊಡೆದೆ. ಆಮೇಲೆ ಅಲುಗಿಸಬೇಡ ಎಂದು ನೀವು ಬರೆದ ಸಾಲು ನೆನಪಾಯಿತು. ಈಗ ಬಿಳಿ ಗುರುತಿನಿಂದ ಪ್ರಯೋಜನವಿಲ್ಲ ಎಂದು ತೋರುತ್ತದೆ. ಮೊದಲಿನಿಂದ ಕೂರಿಸುವುದು ಹೇಗೆ?

ನೀವು ಕೇಳಿದ್ದಕ್ಕೆ. ಕೊನೆಯ ಒಂದು ವಾರ ಕಷ್ಟಪಟ್ಟರು. ಬಲಗಾಲನ್ನು ಹಾಸಿಗೆಗೆ ಒತ್ತುತ್ತಿದ್ದರು, ಯಾರನ್ನೋ ನಿಲ್ಲಿಸುವ ಹಾಗೆ. ಅವರು ಹೋದದ್ದನ್ನು ನವೆಂಬರಿನಲ್ಲಿ ನಿಮಗೆ ಪತ್ರದಲ್ಲಿ ತಿಳಿಸಿದೆ. ನನ್ನ ಹತ್ತಿರ ನಿಮ್ಮ ಫೋನ್ ನಂಬರ್ ಇತ್ತು.

ಇಂತಿ,
ಮಗ


ಏಪ್ರಿಲ್ 9

ಮಗನಿಗೆ,

ನೋಡಬೇಕೆನಿಸಿತು ಎಂದು ತಿರುಗಿಸಿದ್ದಕ್ಕೆ ಬೈಯುವುದಿಲ್ಲ. ಅದೇ ವಯಸ್ಸಿನಲ್ಲಿ ನಾನೂ ನನ್ನ ಅಪ್ಪನ ಗ್ಯಾರೇಜಿನಲ್ಲಿ ಅದನ್ನೇ ಮಾಡಿ ಪೆಟ್ಟು ತಿಂದಿದ್ದೆ. ಅದೇ ವಯಸ್ಸು ಎಂದೆ. ನಿನಗೆ ಮೂವತ್ತು ಎಂಬುದು ಬರೆದ ಮೇಲೆ ನೆನಪಾಯಿತು.

ನಂಬರ್ ಇತ್ತು ಎಂದು ಬರೆದಿದ್ದೀ. ನನಗೆ ಗೊತ್ತಿತ್ತು. ಆ ಪತ್ರದ ಮೇಲಿನ ಅಂಚೆ ಮುದ್ರೆ ನೋಡಿದ್ದೆ. ಅದು ಕೈಗೆ ಬಂದಾಗ ಬಂದು ಮಾಡುವಂಥದ್ದೇನೂ ಉಳಿದಿರಲಿಲ್ಲ.

ಈಗ ಟೈಮಿಂಗ್. ಕಿಡಿ ಬರುವುದು ಎಷ್ಟು ಮುಖ್ಯವೋ ಸರಿಯಾದ ಹೊತ್ತಿಗೆ ಬರುವುದೂ ಅಷ್ಟೇ ಮುಖ್ಯ. ಪಿಸ್ಟನ್ ಮೇಲಕ್ಕೆ ಬಂದು, ಒಳಗಿನದನ್ನೆಲ್ಲ ಒತ್ತಿ, ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಕಿಡಿ ಬೀಳಬೇಕು. ಬೇಗ ಬಿದ್ದರೆ ಪಿಸ್ಟನ್ನಿನ ತಲೆಗೆ ಹೊಡೆತ. ತಡವಾದರೆ ಶಕ್ತಿಯೆಲ್ಲ ಹೊಗೆಯಾಗಿ ಹೋಗುತ್ತದೆ.

ಎಂಜಿನ್ನಿನ ಮುಂದೆ ಬೆಲ್ಟ್ ಸುತ್ತುವ ಪುಲ್ಲಿಯ ಅಂಚಿನಲ್ಲಿ ಒಂದು ಗೀರು ಇದೆ. ಅದರ ಎದುರು ಎಂಜಿನ್ ಮೈಮೇಲೆ ಒಂದು ಮೊಳೆಯಂಥ ಗುರುತು. ಹ್ಯಾಂಡಲಿನಿಂದ ನಿಧಾನ ತಿರುಗಿಸಿ ಎರಡನ್ನೂ ಎದುರುಬದುರು ತಾ. ಒಂದನೇ ಸಿಲಿಂಡರಿನ ಪಿಸ್ಟನ್ ತುದಿಯಲ್ಲಿದೆ ಎಂದರ್ಥ. ಈಗ ರೋಟರ್ ಒಂದನೇ ಪ್ಲಗ್ಗಿನ ವೈರಿನ ಕಡೆ ಮುಖ ಮಾಡುವಂತೆ ಡಿಸ್ಟ್ರಿಬ್ಯೂಟರ್ ಇಳಿಸು. ಇಳಿಯುವಾಗ ಹಲ್ಲು ಸೇರಿ ಸ್ವಲ್ಪ ತಿರುಗುತ್ತದೆ. ಅಷ್ಟು ಮೊದಲೇ ಹಿಂದೆ ಹಿಡಿದುಕೊ. ಅದನ್ನು ಹಿಡಿದಿಡುವ ಕ್ಲಾಂಪಿನ ಬೋಲ್ಟ್ ಬಿಗಿ ಮಾಡು. ಹತ್ತಬೇಕು.

ನಾನು ಬಂದರೆ ಅರ್ಧ ದಿನದ ಕೆಲಸ. ರಜೆ ಬೇಕಾದಷ್ಟಿದೆ. ಹೇಳು.

ಅಮ್ಮ


ಮೇ 6

ಅಮ್ಮನಿಗೆ,

ಹತ್ತಲಿಲ್ಲ.

ಮೂರು ವಾರದಿಂದ ದಿನಾ ಸಂಜೆ ಮಾಡುತ್ತಿದ್ದೇನೆ. ಗೀರು ಮೊಳೆಗೆ ಸರಿಯಾಗಿ ಎದುರಿದೆ, ಭೂತಗನ್ನಡಿಯಲ್ಲಿ ನೋಡಿದೆ. ರೋಟರ್ ಒಂದನೇ ವೈರಿನ ಕಡೆಗಿದೆ. ವೈರುಗಳು ಒಂದು, ಮೂರು, ನಾಲ್ಕು, ಎರಡು. ಕಿಡಿ ನೀಲಿ. ಪೆಟ್ರೋಲ್ ಇದೆ. ಎಲ್ಲವೂ ಸರಿಯಿದೆ, ಎಂಜಿನ್ ಮಾತ್ರ ಸರಿಯಿಲ್ಲ. ಕೀ ತಿರುಗಿಸಿದರೆ ಕೆಮ್ಮುತ್ತದೆ. ಮೊನ್ನೆ ಕಾರ್ಬುರೇಟರಿನ ಬಾಯಿಂದ ಒಂದು ಮೊಳ ಬೆಂಕಿ ಹೊರಗೆ ಬಂತು. ಅತ್ತೆ ಚಪ್ಪಲಿ ಬಿಟ್ಟು ಓಡಿದರು. ರಸ್ತೆಯಿಂದಲೇ, "ನಾನು ಹೇಳಿರ್ಲಿಲ್ವಾ! ಅವಳ ಕೋಪ ಅದ್ರೊಳಗೇ ಉಳ್ಕೊಂಡಿದೆ!" ಎಂದು ಕೂಗಿದರು. ಸಂಜೆ ಗುಜರಿಯವರಿಗೆ ಇನ್ನೊಂದು ಸಲ ಫೋನ್ ಮಾಡಿ ತಾರೀಖು ಗಟ್ಟಿ ಮಾಡಿಕೊಂಡರು.

ಬರುತ್ತೇನೆ ಎಂದಿದ್ದೀರಿ. ಬರಬೇಡಿ. ಇದು ನನ್ನಿಂದ ಆಗುತ್ತದೆ ಎಂದುಕೊಂಡು ಶುರು ಮಾಡಿದ್ದು. ನೀವು ಬಂದು, ಬಾನೆಟ್ ಎತ್ತಿ, ಐದು ನಿಮಿಷದಲ್ಲಿ ಸರಿಮಾಡಿ, ಕೈ ಒರೆಸಿಕೊಂಡು ಹೋಗುವುದನ್ನು ನಾನು ನೋಡಬೇಕಾಗಿಲ್ಲ.

ಹೋಗುವುದನ್ನು ಒಮ್ಮೆ ನೋಡಿದ್ದೇನೆ. ಅವತ್ತು ನಾನು ಇದೇ ಕಾರಿನಲ್ಲಿ ಕೂತಿದ್ದೆ. ನೀವು ಬ್ಯಾಗು ಹಿಡಿದುಕೊಂಡು ಶೆಡ್ಡಿನ ಬಾಗಿಲವರೆಗೆ ಬಂದಿರಿ. ತೆರೆದಿದ್ದ ಬಾನೆಟ್ ಮುಚ್ಚಿದಿರಿ. ಹೋದಿರಿ. ಜೊತೆಗೆ ಬರುತ್ತೀಯೇನೋ ಎಂದು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆನೋ ಏನೋ, ಗೊತ್ತಿಲ್ಲ. ಹದಿನೆಂಟು ವರ್ಷದಿಂದ ಗೊತ್ತಾಗದೆಯೇ ಉಳಿದಿದೆ.

ಮಗ


ಜೂನ್ 4

ಮಗನಿಗೆ,

ನಿನ್ನ ಪತ್ರಕ್ಕೆ ಎರಡು ಉತ್ತರ ಬರೆದು ಹರಿದೆ. ಇದು ಮೂರನೆಯದು. ಇದನ್ನು ಬರೆಯಲು ಕಾರಣ ಸಿಕ್ಕಿದ್ದು ನಿನ್ನೆ.

ಗಣಿಯ ಆಸ್ಪತ್ರೆಯ ಡಾಕ್ಟರರ ಹತ್ತಿರ ಒಂದು ಹಳೆಯ ಪೆಟ್ರೋಲ್ ಕಾರಿದೆ. ನಿನ್ನೆ ಅದನ್ನು ನನ್ನ ಮುಂದೆ ತಂದು ನಿಲ್ಲಿಸಿದರು. ಡಿಸ್ಟ್ರಿಬ್ಯೂಟರ್ ಬಿಚ್ಚಿ, ತೊಳೆದು, ಮತ್ತೆ ಕೂರಿಸುತ್ತಿದ್ದೆ. ನನ್ನ ಸಹಾಯಕಿ ಮುಂದೆ ನಿಂತು ಹ್ಯಾಂಡಲ್ ತಿರುಗಿಸುತ್ತಿದ್ದಳು. "ಅಕ್ಕಾ, ಅಲ್ಯಾಕೆ ಬೆರಳು ಇಟ್ಟಿದೀರಾ?" ಎಂದು ಕೇಳಿದಳು. ನೋಡಿಕೊಂಡೆ. ನನ್ನ ಎಡಗೈ ಹೆಬ್ಬೆರಳು ಒಂದನೇ ಪ್ಲಗ್ಗಿನ ತೂತನ್ನು ಮುಚ್ಚಿಕೊಂಡು ಕೂತಿತ್ತು. ನಾನು ಇಟ್ಟದ್ದು ನನಗೇ ಗೊತ್ತಿರಲಿಲ್ಲ.

ಅದನ್ನು ನಿನಗೆ ಬರೆದೇ ಇಲ್ಲ.

ಪಿಸ್ಟನ್ ತುದಿಗೆ ಎರಡು ಸಲ ಬರುತ್ತದೆ. ಒಮ್ಮೆ ಗಾಳಿ ಪೆಟ್ರೋಲನ್ನು ಒತ್ತುತ್ತಾ, ಇನ್ನೊಮ್ಮೆ ಸುಟ್ಟ ಹೊಗೆಯನ್ನು ಆಚೆ ತಳ್ಳುತ್ತಾ. ಎರಡು ಸಲವೂ ಪುಲ್ಲಿಯ ಗೀರು ಅದೇ ಮೊಳೆಯ ಎದುರಿಗೆ ಬರುತ್ತದೆ. ಕಿಡಿ ಬೇಕಾದುದು ಒತ್ತುವ ಸಲ ಮಾತ್ರ. ನೀನು ಇನ್ನೊಂದು ಸಲವನ್ನು ಹಿಡಿದಿದ್ದೀ. ಒಂದನೇ ಸಿಲಿಂಡರಿನಲ್ಲಿ ಸುಡಲು ಏನೂ ಇಲ್ಲದಾಗ ಅಲ್ಲಿ ಕಿಡಿ ಬೀಳುತ್ತಿದೆ. ಎಲ್ಲವೂ ಸರಿಯಾಗಿದ್ದು ಸರಿಯಾಗಿ ಒಂದು ಸುತ್ತು ತಪ್ಪಿದೆ. ಭೂತಗನ್ನಡಿಯಲ್ಲಿ ಇದು ಕಾಣುವುದಿಲ್ಲ.

ಒಂದನೇ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿ ಹಿಡಿ. ಇನ್ನೊಬ್ಬರು ಹ್ಯಾಂಡಲ್ ತಿರುಗಿಸಲಿ. ಯಾವ ಸಲ ಗಾಳಿ ಬೆರಳನ್ನು ಎತ್ತಿ ಒಗೆಯುತ್ತದೋ ಆ ಸಲದ ಗೀರನ್ನು ಹಿಡಿದು, ಡಿಸ್ಟ್ರಿಬ್ಯೂಟರ್ ಹೊಸದಾಗಿ ಇಳಿಸು. ತಪ್ಪು ನನ್ನದು. ನಿನ್ನ ಮೂರು ವಾರ ದಂಡವಾಯಿತು.

ನಿನ್ನ ಇನ್ನೊಂದು ಪ್ರಶ್ನೆಗೂ ಇದೇ ಉತ್ತರ ಎಂದು ಬರೆಯಬಹುದಿತ್ತು. ಹಾಗೆ ಬರೆದದ್ದನ್ನೇ ಹರಿದದ್ದು. ಅದು ಮರೆತು ಬಿಟ್ಟುಹೋದ ಮಾತಲ್ಲ. ಕೇಳಬೇಕೆಂದೇ ಶೆಡ್ಡಿಗೆ ಬಂದಿದ್ದೆ. ನಿನ್ನ ಅಪ್ಪನಿಗೂ ನನಗೂ ಮಾತು ನಿಂತು ಒಂದು ವರ್ಷವಾಗಿತ್ತು. ನೀನು ಇಬ್ಬರ ನಡುವೆ ಚೀಟಿ ಹೊರುತ್ತಿದ್ದೆ. ಬಂದು ನೋಡಿದರೆ ನೀನು ಅಪ್ಪನ ಕಾರಿನಲ್ಲಿ ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ. ಅದೇ ನಿನ್ನ ಉತ್ತರ ಎಂದುಕೊಂಡೆ. ಹನ್ನೆರಡು ವರ್ಷದ ಮಕ್ಕಳೆಲ್ಲ ನಿಂತ ಕಾರಿನಲ್ಲಿ ಸ್ಟೀರಿಂಗ್ ಹಿಡಿದುಕೊಂಡೇ ಕೂರುತ್ತಾರೆ ಎಂಬುದು ಇಲ್ಲಿಗೆ ಬಂದ ಮೇಲೆ, ಲಾರಿಯವರ ಮಕ್ಕಳನ್ನು ನೋಡಿ ತಿಳಿಯಿತು.

ಅಮ್ಮ


ಜೂನ್ 20

ಅಮ್ಮನಿಗೆ,

ಹತ್ತಿತು.

ಹ್ಯಾಂಡಲ್ ತಿರುಗಿಸುವ ಬಲ ಅತ್ತೆಗೆ ಇಲ್ಲ. ಹೆಬ್ಬೆರಳು ಅವರದ್ದೇ ಇಡಿಸಬೇಕಾಯಿತು. "ಬೆರಳು ಕಚ್ಚುತ್ತಾ?" ಎಂದು ನಾಲ್ಕು ಸಲ ಕೇಳಿದರು. ನಾನು ಮುಂದೆ ಹೋಗಿ ತಿರುಗಿಸಿದೆ. ಮೊದಲ ಸುತ್ತಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ, "ಅಯ್ಯಯ್ಯೋ! ತಳ್ತಾ ಇದೆ ಕಣೋ! ಒಳಗೆ ಯಾರೋ ಇದಾರೆ!"

"ಬೆರಳು ತೆಗೀಬೇಡಿ ಅತ್ತೆ!"

"ನಾನೆಲ್ಲಿ ತೆಗೀತೀನಿ, ಅದೇ ತೆಗೀತಾ ಇದೆ!"

ಅಲ್ಲೇ ನಿಲ್ಲಿಸಿ, ಗೀರು ಕೂಡಿಸಿ, ಡಿಸ್ಟ್ರಿಬ್ಯೂಟರ್ ಇಳಿಸಿದೆ. ಕೀ ತಿರುಗಿಸಿದ ಎರಡನೇ ಸಲಕ್ಕೆ ಹಿಡಿದುಕೊಂಡಿತು. ಶೆಡ್ಡಿನ ತಗಡೆಲ್ಲ ನಡುಗಿತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಹೊಗೆಯಲ್ಲಿ ನಿಂತು, ಸುಮಾರು ಹೊತ್ತು ನೋಡಿದರು. ಒಳಗೆ ಹೋಗಿ ಗುಜರಿಯವರಿಗೆ ಬರಬೇಡಿ ಎಂದು ಹೇಳಿದರು.

ನಿನ್ನೆ ಅಂಗಡಿಗೆ ತಂದು ನಿಲ್ಲಿಸಿದೆ. ಅತ್ತೆ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಎರಡನೇ ಬ್ರೇಕ್ ಒತ್ತುತ್ತಿದ್ದರು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆಯಾಯಿತು. ನಡುವೆ ಕೇಳಿದರು, "ಅವಳ ಕಾಗದದಲ್ಲಿ ನನ್ನ ವಿಷ್ಯ ಏನಾದ್ರೂ ಇರುತ್ತಾ?" ಮಂಡಿನೋವಿನ ಬಗ್ಗೆ ಕೇಳಿದ್ದರು ಎಂದೆ. "ಯಾವಾಗ?" ಎಂದರು. ಫೆಬ್ರವರಿಯಲ್ಲಿ ಎಂದೆ. "ಈಗ ಹೇಳ್ತಿದೀಯಾ" ಎಂದು ಆ ಕಡೆ ತಿರುಗಿ ಕೂತರು.

ಕಾರು ನಿಂತಾಗ ಎಂಜಿನ್ ಕುಂಟುತ್ತದೆ. ಏರಿನಲ್ಲಿ ಉಸಿರು ಸಾಲುವುದಿಲ್ಲ. ಇನ್ನೇನು ಮಾಡಬೇಕು, ಬರೆಯಿರಿ.

ಸ್ಟೀರಿಂಗಿನ ವಿಷಯ ಓದಿದೆ.

ಮಗ


ಜೂನ್ 28

ಮಗನಿಗೆ,

ಕ್ಯಾಂಟೀನಿನಲ್ಲಿ ನಿನ್ನ ಪತ್ರ ಓದುತ್ತಾ ಜೋರಾಗಿ ನಕ್ಕೆನಂತೆ. ನನ್ನ ಮೇಜಿನ ಕಡೆ ಎಲ್ಲರೂ ತಿರುಗಿ ನೋಡಿದರು. ಆ ಮೇಜಿನಲ್ಲಿ ನಾನೊಬ್ಬಳೇ ಕೂರುವುದು.

ಉಳಿದಿರುವುದು ಒಂದೇ ಕೆಲಸ, ಕೊನೆಯದು. ಎಂಜಿನ್ ಓಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರಿನ ಕ್ಲಾಂಪಿನ ಬೋಲ್ಟ್ ಸಡಿಲಿಸಿ, ಅದರ ಮೈಯನ್ನು ಕೂದಲೆಳೆಯಷ್ಟು ಆ ಕಡೆ, ಈ ಕಡೆ ತಿರುಗಿಸುತ್ತಾ ಹೋಗಬೇಕು. ಒಂದು ಜಾಗದಲ್ಲಿ ಎಂಜಿನ್ನಿನ ದನಿ ಬದಲಾಗುತ್ತದೆ. ಅಲ್ಲಿ ಬಿಗಿ ಮಾಡಬೇಕು.

ದನಿ ಹೇಗೆ ಬದಲಾಗುತ್ತದೆ ಎಂದು ನಾಲ್ಕು ಸಲ ಬರೆದು ನೋಡಿದೆ. ಸಲೀಸಾಗುತ್ತದೆ ಎಂದು ಬರೆದೆ, ಅದಲ್ಲ. ತುಂಬಿಕೊಳ್ಳುತ್ತದೆ ಎಂದು ಬರೆದೆ, ಅದೂ ಅಲ್ಲ. ಕೇಳಿ ಗೊತ್ತಿದ್ದವರಿಗೆ ಬರೆಯಬೇಕಿಲ್ಲ, ಗೊತ್ತಿಲ್ಲದವರಿಗೆ ಬರೆಯಲು ಬರುವುದಿಲ್ಲ. ತಲೆ ನರೆತ ಮೆಕ್ಯಾನಿಕ್ ಒಬ್ಬರನ್ನು ನಿಮ್ಮಲ್ಲೇ ಹುಡುಕು. ಐದು ನಿಮಿಷದ ಕೆಲಸ.

ರಜೆಗೆ ಅರ್ಜಿ ಕೊಟ್ಟಿದ್ದೆ. ನಿನ್ನ ಮೇ ತಿಂಗಳ ಪತ್ರ ಬಂದ ದಿನ ವಾಪಸ್ ತೆಗೆದುಕೊಂಡೆ. ಬರಬೇಡಿ ಎಂದದ್ದು ನೆನಪಿದೆ. ಅದನ್ನು ದಾಟಿ ಬರುವುದಿಲ್ಲ.

ಕಾರಿನ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಇಷ್ಟು. ಇನ್ನು ಬರೆಯಲು ಏನೂ ಉಳಿದಿಲ್ಲ. ಕೆಲಸವನ್ನು ನೀನು ಚೆನ್ನಾಗಿ ಮಾಡಿದೆ.

ಅಮ್ಮ


ಜುಲೈ 13

ಅಮ್ಮಾ,

ನರೆತ ತಲೆಯ ಮೆಕ್ಯಾನಿಕ್ ಸಿಕ್ಕಿದರು. ನಾನು ಹುಡುಕಲಿಲ್ಲ, ಅವರೇ ಕನ್ನಡಕಕ್ಕೆ ಬಂದರು. ಬಸ್ ಡಿಪೋದಲ್ಲಿ ನಲವತ್ತು ವರ್ಷ ಇದ್ದವರು. "ಹತ್ತಿರದ್ದು ಏನೂ ಕಾಣ್ಸಲ್ಲ ಮಗಾ. ಕಿವಿ ಮಾತ್ರ ಗಟ್ಟಿ" ಎಂದರು. ಕಣ್ಣಿಗೆ ಗಾಜು ಹೊಂದಿಸಿದ ಮೇಲೆ ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಎಂಜಿನ್ ಹಚ್ಚಿದೆ. ಬಾನೆಟ್ ಎತ್ತುವ ಮೊದಲೇ "ಲೇಟಾಗಿದೆ" ಎಂದರು. ಗಾಡಿಗೋ, ನನಗೋ ಎಂದು ಕೇಳಿದೆ. "ಕಿಡಿಗೆ" ಎಂದರು.

ಬೋಲ್ಟ್ ಸಡಿಲಿಸಿ, ಕಣ್ಣು ಮುಚ್ಚಿಕೊಂಡು, ಎರಡು ಬೆರಳಿನಿಂದ ತಿರುಗಿಸಿದರು. ನೀನು ಬರೆಯಲಾಗದೆ ಬಿಟ್ಟದ್ದು ಏನೆಂದು ಆಗ ಗೊತ್ತಾಯಿತು. ನನಗೂ ಅದನ್ನು ಬರೆಯಲು ಬರುವುದಿಲ್ಲ. ಬೆಳಿಗ್ಗೆ ಅಪ್ಪನ ಮೊದಲ ಪಾಠಕ್ಕೆ ಮುಂಚೆ, ನಾನು ಇನ್ನೂ ಹಾಸಿಗೆಯಲ್ಲಿರುವಾಗ, ನೀನು ಶೆಡ್ಡಿನಲ್ಲಿ ಕಾರು ಹಚ್ಚಿ ಬಿಡುತ್ತಿದ್ದೆಯಲ್ಲ, ಆ ದನಿ. ಹದಿನೆಂಟು ವರ್ಷದಲ್ಲಿ ಕಾರು ಎಷ್ಟೋ ಸಲ ಓಡಿದೆ, ಆ ದನಿ ಬಂದಿರಲಿಲ್ಲ.

ಅವರು ಬೋಲ್ಟ್ ಬಿಗಿ ಮಾಡಿ ಕೈ ಒರೆಸಿಕೊಂಡರು.

"ಮೊದಲು ಇದ್ದ ಹಾಗೇ ತಿರುಗಿಸಿಬಿಡಿ" ಎಂದೆ.

"ಏನಂದೆ?"

"ಕೆಟ್ಟಿತ್ತಲ್ಲ, ಹಾಗೇ ಮಾಡಿಬಿಡಿ."

"ತಲೆ ಸರಿ ಇದೆಯೇನಯ್ಯಾ ನಿನಗೆ? ಇಷ್ಟು ಚೆನ್ನಾಗಿ ಹೇಳ್ತಾ ಇದೆ, ಕೇಳು!"

"ಇನ್ನೊಬ್ಬರು ಬಂದು ಸರಿ ಮಾಡಬೇಕು."

"ನನಗಿಂತ ದೊಡ್ಡ ಮೇಸ್ತ್ರಿ ಯಾರಪ್ಪಾ ಅವನು?"

"ಅವನಲ್ಲ. ನಮ್ಮಮ್ಮ."

ಹೊಸ ಕನ್ನಡಕದೊಳಗಿಂದ ನನ್ನನ್ನು ನೋಡಿದರು. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು, ಬೋಲ್ಟ್ ಸಡಿಲಿಸಿ, ಹಿಂದಕ್ಕೆ ತಿರುಗಿಸಿದರು. ಎಂಜಿನ್ ಮತ್ತೆ ಕುಂಟತೊಡಗಿತು.

ಬೋಲ್ಟನ್ನು ಕೈಯಲ್ಲಿ ಮಾತ್ರ ಬಿಗಿ ಮಾಡಿದ್ದೇವೆ. ಭಾನುವಾರ ನನಗೆ ರಜೆ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಫೋನ್ ಮಾಡು. ಕಾರಿನಲ್ಲೇ ಬಂದು ಕರೆದುಕೊಂಡು ಹೋಗುತ್ತೇನೆ. ಈ ಸ್ಥಿತಿಯಲ್ಲಿ ನಿಲ್ದಾಣ ಮುಟ್ಟಲು ಒಂದು ಗಂಟೆ ಬೇಕು, ಅದಕ್ಕೆ ಮುಂಚಿತವಾಗಿ ತಿಳಿಸು.

ನಿನ್ನ ಮಗ